ಸಿನಿಮಾದಿಂದ ಅಂತರ್ಜಾಲಕ್ಕೆ: ಯಾಹೂ ಕಂಪನಿಯ ಟೆರ್ರಿ ಸೆಮೆಲ್

ಯಾಹೂ ಎಂಬ ಹೆಸರು ಕೇಳದ ಪಾಲಕರು, ಶಿಕ್ಷಕರು ಕಡಿಮೆ. ಸೈಬರ್ ಕೆಫೆಯಲ್ಲಿ ತಾಸಿಗೆ ಇಷ್ಟು ಎಂದು ದುಡ್ಡು ಕೊಟ್ಟು ಕೂತವರಲ್ಲಿ ಬಹಳ ಮಂದಿಯ ಮೊದಲ ಇ-ಮೇಲ್ ವಿಳಾಸ ಅದರದ್ದೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೋ 1994ರಲ್ಲಿ ಅದನ್ನು ಆರಂಭಿಸಿದ ಕಥೆ ನಿಮಗೆ ಗೊತ್ತಿದ್ದೀತು. ಅದನ್ನು ಆರು ವರ್ಷ ಆಳಿ, ಅಮೆರಿಕದಲ್ಲೇ ಅತಿ ಹೆಚ್ಚು ಸಂಪಾದನೆಯ ಅಧಿಕಾರಿ ಎನಿಸಿಕೊಂಡ ಟೆರ್ರಿ ಸೆಮೆಲ್ ಅವರ ಹೆಸರು ಮಾತ್ರ ನಮ್ಮ ಕಡೆ ಅಷ್ಟು ಪರಿಚಿತವಲ್ಲ. ಪ್ರೌಢಶಾಲೆಯ ಮಕ್ಕಳು "ಸರ್, ಇಂಟರ್‌ನೆಟ್‌ನಲ್ಲಿ ಅಷ್ಟು ದುಡ್ಡು ಹೇಗೆ ಬರುತ್ತದೆ?" ಎಂದು ಕೇಳುತ್ತಲೇ ಇರುತ್ತಾರೆ. ಅದಕ್ಕಾಗಿ ಈ ಬರಹ.

ಸೆಮೆಲ್ ಹುಟ್ಟಿದ್ದು 1943ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಓದಿದ್ದು ಲೆಕ್ಕಶಾಸ್ತ್ರ. ಹೆಸರು ಮಾಡಿದ್ದು ಸಿನಿಮಾ ವ್ಯಾಪಾರದಲ್ಲಿ. ವಾರ್ನರ್ ಬ್ರದರ್ಸ್ ಕಂಪನಿಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದು, ರಾಬರ್ಟ್ ಡೇಲಿ ಅವರ ಜೊತೆಗೂಡಿ ಅದನ್ನು ನಡೆಸಿದರು. 'ಬ್ಯಾಟ್‌ಮನ್', 'ಅನ್‌ಫರ್ಗಿವನ್', 'ದಿ ಮ್ಯಾಟ್ರಿಕ್ಸ್' ಎಲ್ಲ ಆ ಜೋಡಿಯ ಕಾಲದವು. 1999ರಲ್ಲಿ ಇಬ್ಬರೂ ಒಟ್ಟಿಗೇ ಹೊರಬಂದರು.

ಯಾಹೂ ಆಗ ಏರಿ ಬೀಳುವ ಹೊತ್ತು. ಮುಂದಿನ ಶೇರು ವಿಭಜನೆಗಳ ಲೆಕ್ಕ ಹಿಡಿದು ಹೇಳುವುದಾದರೆ, 2000ದ ಜನವರಿಯಲ್ಲಿ ಸುಮಾರು 118 ಡಾಲರ್ ಇದ್ದ ಅದರ ಶೇರು 2001ರ ಸೆಪ್ಟೆಂಬರಿನಲ್ಲಿ ನಾಲ್ಕು ಡಾಲರಿನ ಆಸುಪಾಸಿಗೆ ಕುಸಿಯಿತು. ಜಾಹೀರಾತು ಕೊಡುತ್ತಿದ್ದ ಹೊಸ ಹೊಸ ಡಾಟ್‌ಕಾಂ ಕಂಪನಿಗಳೇ ಮುಳುಗಿದ ಮೇಲೆ ಜಾಹೀರಾತು ಎಲ್ಲಿಂದ ಬರಬೇಕು? ಇಂಥ ಹೊತ್ತಿನಲ್ಲಿ, 2001ರ ಮೇ ತಿಂಗಳಲ್ಲಿ, ಸೆಮೆಲ್ ಮುಖ್ಯಸ್ಥರಾಗಿ ಬಂದರು. ಕಂಪ್ಯೂಟರ್ ಅಷ್ಟಾಗಿ ಬಳಸದ ಸಿನಿಮಾ ಮನುಷ್ಯ ಇಲ್ಲಿ ಏನು ಮಾಡಿಯಾನು ಎಂದು ಮೂಗು ಮುರಿದವರೇ ಹೆಚ್ಚು.

ಆದರೆ ಮೊದಲ ಮೂರ್ನಾಲ್ಕು ವರ್ಷ ಅವರು ಮಾಡಿದ ಕೆಲಸವನ್ನು ಮೆಚ್ಚಲೇಬೇಕು. ಹುಡುಕಾಟದ ತಂತ್ರಜ್ಞಾನಕ್ಕಾಗಿ ಇಂಕ್ಟೋಮಿಯನ್ನೂ, ಹುಡುಕಾಟದ ಜಾಹೀರಾತಿಗಾಗಿ ಓವರ್ಚರ್ ಕಂಪನಿಯನ್ನೂ ಕೊಂಡರು. ಓವರ್ಚರ್ ಒಂದಕ್ಕೇ 2003ರಲ್ಲಿ ಸುಮಾರು 163 ಕೋಟಿ ಡಾಲರ್! 2001ರಲ್ಲಿ ಸುಮಾರು 72 ಕೋಟಿ ಡಾಲರ್ ಇದ್ದ ಯಾಹೂ ಆದಾಯ 2006ಕ್ಕೆ 640 ಕೋಟಿ ದಾಟಿತು.

ಇನ್ನು ಅವರ ಸ್ವಂತ ಸಂಪಾದನೆ. ಫೋರ್ಬ್ಸ್ ಪತ್ರಿಕೆ 2005ರಲ್ಲಿ ಪ್ರಕಟಿಸಿದ ಅಧಿಕಾರಿಗಳ ಪಟ್ಟಿಯಲ್ಲಿ ಮೊದಲ ಹೆಸರು ಸೆಮೆಲ್ ಅವರದ್ದು. ಮೊತ್ತ 23 ಕೋಟಿ ಡಾಲರಿಗೂ ಹೆಚ್ಚು. ಅಂದಿನ ದರದಲ್ಲಿ ನಮ್ಮ ಸಾವಿರ ಕೋಟಿ ರೂಪಾಯಿ! ಇದರಲ್ಲಿ ತಿಂಗಳ ಪಗಾರದ ಪಾಲು ಲೆಕ್ಕಕ್ಕೇ ಇಲ್ಲ. ಬಹುತೇಕ ಎಲ್ಲವೂ 'ಸ್ಟಾಕ್ ಆಪ್ಷನ್' ಎಂಬುದರಿಂದ ಬಂದದ್ದು.

ಇದನ್ನು ಜೋಳದ ಲೆಕ್ಕದಲ್ಲಿ ತಿಳಿಯೋಣ. ಅಡತಿ ಅಂಗಡಿಯವರು ನಿಮಗೆ ಒಂದು ಚೀಟಿ ಬರೆದು ಕೊಟ್ಟರು ಅನ್ನಿ: "ಮುಂದಿನ ಐದು ವರ್ಷದಲ್ಲಿ ಯಾವಾಗ ಬೇಕಾದರೂ ನೂರು ಕ್ವಿಂಟಲ್ ಜೋಳ ಎರಡು ಸಾವಿರದ ಧಾರಣೆಯಲ್ಲೇ ಕೊಂಡುಕೊಳ್ಳಿ." ಪೇಟೆಯಲ್ಲಿ ಧಾರಣೆ ಐದು ಸಾವಿರಕ್ಕೆ ಏರಿದರೆ, ಅಂದೇ ಕೊಂಡು ಅಂದೇ ಮಾರಿ ಮೂರು ಲಕ್ಷ ಗಿಟ್ಟಿಸಬಹುದು. ಧಾರಣೆ ಸಾವಿರಕ್ಕೆ ಇಳಿದರೆ? ಚೀಟಿ ಹರಿದು ಒಗೆದರಾಯಿತು, ಕೈಯಿಂದ ಒಂದು ಪೈಸೆಯೂ ಹೋಗುವುದಿಲ್ಲ. ಏರಿದರೆ ಲಾಭ ನಿಮ್ಮದು, ಇಳಿದರೆ ನಷ್ಟ ಜೋಳ ಇಟ್ಟುಕೊಂಡವನದು. ಕಂಪನಿ ಬೆಳೆದರೆ ಅಧಿಕಾರಿಯೂ ಬೆಳೆಯಲಿ ಎಂಬ ಸದುದ್ದೇಶ ಇದರ ಹಿಂದೆ ಇದೆ ನಿಜ. ಆದರೆ ನಮಗೆ ಇದು ಒಂದೇ ಕಡೆ ವಾಲಿದ ತಕ್ಕಡಿಯಂತೆ ಕಾಣುತ್ತದೆ.

ತಕ್ಕಡಿ ಹೇಗೆ ವಾಲಿತೆಂಬುದು 2006ರಲ್ಲಿ ಎಲ್ಲರಿಗೂ ಕಂಡಿತು. ಆ ವರ್ಷ ಸೆಮೆಲ್ ತಮ್ಮ ಪಗಾರವನ್ನು ಕೇವಲ ಒಂದು ಡಾಲರಿಗೆ ಇಳಿಸಿಕೊಂಡರು. ಕೇಳಿದರೆ ಎಂಥ ತ್ಯಾಗ! ಆದರೆ ಆ ವರ್ಷ ಸಿಕ್ಕ ಆಪ್ಷನ್ ಇತ್ಯಾದಿ ಸೇರಿಸಿ ಅವರ ಒಟ್ಟು ಪ್ರತಿಫಲದ ಅಂದಾಜು ಮೌಲ್ಯ 7 ಕೋಟಿ 17 ಲಕ್ಷ ಡಾಲರ್. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಲೆಕ್ಕದಲ್ಲಿ ದೊಡ್ಡ ಕಂಪನಿಗಳ ಮುಖ್ಯಸ್ಥರ ಪೈಕಿ ಮತ್ತೆ ಮೊದಲ ಸ್ಥಾನ. (ಇದು ಕೈಗೆ ಬಂದ ನಗದಲ್ಲ, ಅಂದಾಜು ಮೌಲ್ಯ ಎಂಬುದನ್ನೂ ಹೇಳಬೇಕು.) ಅದೇ ವರ್ಷ ಯಾಹೂ ಶೇರು ಸುಮಾರು 39 ಡಾಲರಿನಿಂದ 25ಕ್ಕೆ ಇಳಿದಿತ್ತು. ಶೇರು ಕೊಂಡಿದ್ದ ಸಾಮಾನ್ಯರು ಸಿಟ್ಟಾಗದೆ ಇನ್ನೇನು?

ಇಳಿದದ್ದೇಕೆ? ಗೂಗಲ್! 2000ದಿಂದ 2004ರವರೆಗೆ ಯಾಹೂ ತನ್ನ ಪುಟದಲ್ಲಿ ಹುಡುಕಾಟಕ್ಕೆ ಬಳಸುತ್ತಿದ್ದದ್ದೇ ಗೂಗಲ್‌ನ ಯಂತ್ರವನ್ನು. 2002ರಲ್ಲಿ ಗೂಗಲ್ಲನ್ನೇ ಕೊಳ್ಳುವ ಮಾತು ನಡೆದು, ಬೆಲೆ ಹೆಚ್ಚಾಯಿತೆಂದು ಸೆಮೆಲ್ ಹಿಂದೆ ಸರಿದರೆಂದು ಮುಂದೆ ವರದಿಯಾಯಿತು. 2006ರಲ್ಲಿ ಫೇಸ್‌ಬುಕ್‌ಗೆ ನೂರು ಕೋಟಿ ಡಾಲರ್ ಕೊಡಲು ಮುಂದಾಗಿ, ತಮ್ಮ ಶೇರು ಬಿದ್ದಾಗ ಆ ಮೊತ್ತ ಇಳಿಸಿದ್ದರಿಂದ ಅದೂ ಮುರಿಯಿತಂತೆ. ಚೌಕಾಸಿಯಲ್ಲಿ ಪಳಗಿದ ಕೈಗೆ ಚೌಕಾಸಿಯೇ ಮುಳುವಾಯಿತು ಎನ್ನೋಣವೇ?

ಅದೇ ನವೆಂಬರಿನಲ್ಲಿ ಬ್ರ್ಯಾಡ್ ಗಾರ್ಲಿಂಗ್‌ಹೌಸ್ ಎಂಬ ಯಾಹೂ ಅಧಿಕಾರಿಯ ಆಂತರಿಕ ಪತ್ರವೊಂದು ಪತ್ರಿಕೆಗೆ ಸಿಕ್ಕಿಬಿಟ್ಟಿತು. ಬ್ರೆಡ್ಡಿಗೆ ಶೇಂಗಾ ಬೆಣ್ಣೆಯನ್ನು ತೆಳ್ಳಗೆ ಸವರಿದಂತೆ ಕಂಪನಿ ತನ್ನ ಹಣವನ್ನು ಎಲ್ಲ ಕಡೆ ಹರಡುತ್ತಿದೆ, ಹಾಗಾಗಿ ಯಾವುದರಲ್ಲೂ ಗಟ್ಟಿಯಾಗಿಲ್ಲ ಎಂಬುದು ಅದರ ತಿರುಳು. ಶೇಂಗಾ ಹಿಂಡಿ ತಿಂದು ಬೆಳೆದ ಸೊಲ್ಲಾಪುರದ ಕಡೆಯ ನಮಗೆ ಈ ಹೋಲಿಕೆ ಬೇಗ ತಿಳಿಯುತ್ತದೆ!

2007ರ ಜೂನ್ ತಿಂಗಳ ವಾರ್ಷಿಕ ಸಭೆಯಲ್ಲಿ ಶೇರುದಾರರ ಅಸಮಾಧಾನ ಮತಗಳಲ್ಲೇ ಕಂಡಿತು. ಕೆಲವೇ ದಿನಗಳಲ್ಲಿ, ಜೂನ್ 18ರಂದು, ಸೆಮೆಲ್ ಹುದ್ದೆ ಬಿಟ್ಟರು. ಜೆರ್ರಿ ಯಾಂಗ್ ಬಂದು ಕೂತರು. ಮರುವರ್ಷ ಮೈಕ್ರೋಸಾಫ್ಟ್ 4,460 ಕೋಟಿ ಡಾಲರಿಗೆ ಕೇಳಿದರೂ ಯಾಹೂ ಒಪ್ಪಲಿಲ್ಲ. 2017ರಲ್ಲಿ ಅದರ ಅಂತರ್ಜಾಲ ವ್ಯವಹಾರ ವೆರೈಝನ್ ಪಾಲಾದದ್ದು ಸುಮಾರು 448 ಕೋಟಿಗೆ.

ಚೀನಾದ ಎರಡು ಸಂಗತಿಗಳನ್ನು ಬಿಟ್ಟರೆ ಸೆಮೆಲ್ ಕಾಲದ ಇತಿಹಾಸ ಅಪೂರ್ಣ. 2005ರಲ್ಲಿ ಯಾಹೂ ನೂರು ಕೋಟಿ ಡಾಲರನ್ನೂ ತನ್ನ ಚೀನಾ ವ್ಯವಹಾರವನ್ನೂ ಕೊಟ್ಟು ಅಲಿಬಾಬಾ ಕಂಪನಿಯಲ್ಲಿ ಸುಮಾರು ಶೇ. 40 ಪಾಲು ಪಡೆಯಿತು. ಆಗ ಇದನ್ನು ದೊಡ್ಡದೆಂದು ಎಣಿಸಿದವರು ಕಡಿಮೆ. ಆದರೆ ಯಾಹೂ ಮಾಡಿದ ವ್ಯಾಪಾರಗಳಲ್ಲೇ ಇದಕ್ಕಿಂತ ಲಾಭದ್ದು ಇನ್ನೊಂದಿಲ್ಲ. 2012ರಲ್ಲಿ ಅರ್ಧದಷ್ಟು ಪಾಲು ಮಾರಿದಾಗಲೇ 760 ಕೋಟಿ ಬಂತು, 2014ರಲ್ಲಿ ಇನ್ನೊಂದಿಷ್ಟು ಮಾರಿ ಮತ್ತೆ ಒಂಬತ್ತು ನೂರು ಕೋಟಿಗೂ ಮೀರಿ ಬಂತು.

ಇನ್ನೊಂದು, ಶಿ ತಾವೊ ಎಂಬ ಪತ್ರಕರ್ತರ ಪ್ರಕರಣ. ತಿಯಾನನ್‌ಮನ್ ಘಟನೆಗೆ 15 ವರ್ಷ ತುಂಬುವ ಹೊತ್ತಿಗೆ ಪತ್ರಿಕೆಗಳು ಹೇಗಿರಬೇಕು ಎಂದು ಸರ್ಕಾರ ಕೊಟ್ಟ ಸೂಚನೆಯನ್ನು ಅವರು 2004ರಲ್ಲಿ ಯಾಹೂ ಇ-ಮೇಲ್ ಮೂಲಕ ಹೊರದೇಶಕ್ಕೆ ಕಳಿಸಿದ್ದರು. ಖಾತೆಯ ವಿವರವನ್ನು ಯಾಹೂ ಚೀನಾ ಸರ್ಕಾರಕ್ಕೆ ಒಪ್ಪಿಸಿತು. 2005ರಲ್ಲಿ ಹತ್ತು ವರ್ಷ ಸೆರೆವಾಸದ ಶಿಕ್ಷೆ. ಆಯಾ ದೇಶದ ಕಾನೂನು ಪಾಲಿಸಬೇಕಾಗುತ್ತದೆ ಎಂದು ಕಂಪನಿ ಸಮರ್ಥಿಸಿಕೊಂಡಿತು. 2007ರ ನವೆಂಬರಿನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಎದುರು ಹಾಜರಾದ ಜೆರ್ರಿ ಯಾಂಗ್, ಅಲ್ಲಿ ಬಂದಿದ್ದ ಶಿ ತಾವೊ ಅವರ ತಾಯಿಗೆ ತಲೆಬಾಗಿ ಕ್ಷಮೆ ಕೇಳಿದರು. ಸೆಮೆಲ್ ಅಷ್ಟರಲ್ಲಿ ಮುಖ್ಯಸ್ಥರ ಹುದ್ದೆಯಿಂದ ಇಳಿದಾಗಿತ್ತು. ಶಿ ತಾವೊ ಹೊರಬಂದದ್ದು 2013ರಲ್ಲಿ.