ಕರ್ನಾಟಕ ಆರ್ಥಿಕ ಪುನಾರಚನಾ ಸಾಲ

ಕರ್ನಾಟಕ ಆರ್ಥಿಕ ಪುನಾರಚನಾ ಸಾಲವು ರಾಜ್ಯದ ಹಣಕಾಸು ಸುಧಾರಣೆಗಾಗಿ ವಿಶ್ವಬ್ಯಾಂಕ್ ನೀಡಿದ ಷರತ್ತುಬದ್ಧ ಸಾಲವಾಗಿದೆ. ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, 2001ರಲ್ಲಿ 15 ಕೋಟಿ ಡಾಲರ್ ಮತ್ತು 2002ರಲ್ಲಿ 10 ಕೋಟಿ ಡಾಲರ್ ಮಂಜೂರಾಯಿತು. ಇದು ರಸ್ತೆ, ಅಣೆಕಟ್ಟುಗಳಂತಹ ನಿರ್ದಿಷ್ಟ ಕಾಮಗಾರಿಗಲ್ಲದೆ, ಒಪ್ಪಿಕೊಂಡ ನೀತಿಗಳ ಜಾರಿಗೆ ನೀಡಿದ ಆಯವ್ಯಯ ನೆರವಾಗಿತ್ತು.

ಹಿನ್ನೆಲೆ

1991ರ ವಿದೇಶಿ ವಿನಿಮಯ ಬಿಕ್ಕಟ್ಟಿನಲ್ಲಿ ಭಾರತವು ಅಂತರರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕ್‌ಗಳಿಂದ ಸಾಲ ಪಡೆದು, ವಿತ್ತೀಯ ಕೊರತೆಯನ್ನು ತಗ್ಗಿಸಲು ಒಪ್ಪಿತು. ಆ ದಶಕದ ಕೊನೆಗೆ ವೇತನ, ಪಿಂಚಣಿ, ಬಡ್ಡಿ ಹಾಗೂ ವಿದ್ಯುತ್ ಸಹಾಯಧನಗಳ ಹೊರೆಯಿಂದ ರಾಜ್ಯಗಳ ಹಣಕಾಸು ಸ್ಥಿತಿಯೂ ಹದಗೆಟ್ಟಿತು.

ಸಮರ್ಥನೆ

ಮಿತವ್ಯಯಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ನೀಡಲಾಯಿತು. ಮೊದಲನೆಯದಾಗಿ, ಸಂಬಳ ಮತ್ತು ಬಡ್ಡಿಗೆ ಆದಾಯವೆಲ್ಲ ವ್ಯಯವಾದರೆ ಶಾಲೆ, ಆಸ್ಪತ್ರೆಗಳಿಗೆ ಹಣ ಉಳಿಯದು. ಎರಡನೆಯದಾಗಿ, ಪಂಪ್‌ಸೆಟ್ ವಿದ್ಯುತ್ ಸಹಾಯಧನದ ಹೆಚ್ಚಿನ ಲಾಭ ಜಮೀನು ಮತ್ತು ಕೊಳವೆಬಾವಿ ಉಳ್ಳವರಿಗೇ ದೊರೆಯುತ್ತದೆ. ಮೂರನೆಯದಾಗಿ, ನಷ್ಟದ ಉದ್ಯಮಗಳನ್ನು ಮುಚ್ಚಿದರೆ ಬಂಡವಾಳವು ಬೆಳೆಯುವ ಕ್ಷೇತ್ರಗಳಿಗೆ ಹರಿಯುತ್ತದೆ. ಹೀಗೆ ವೆಚ್ಚ ಕಡಿತವನ್ನು ಬಡವರ ಸೇವೆಗಳ ರಕ್ಷಣೆಯೆಂದೂ ರಾಜ್ಯ ಸರ್ಕಾರದ ಸ್ವಂತ ಕಾರ್ಯಕ್ರಮವೆಂದೂ ಬಿಂಬಿಸಲಾಯಿತು.

ಪರಿಣಾಮಗಳು

2002ರಲ್ಲಿ ಕರ್ನಾಟಕವು ವಿತ್ತೀಯ ಹೊಣೆಗಾರಿಕೆ ಅಧಿನಿಯಮವನ್ನು ರೂಪಿಸಿದ ಮೊದಲ ರಾಜ್ಯವಾಯಿತು. 2006ರ ಮಾರ್ಚ್ ಅಂತ್ಯದೊಳಗೆ ರಾಜಸ್ವ ಕೊರತೆಯನ್ನು ನಿವಾರಿಸಿ, ವಿತ್ತೀಯ ಕೊರತೆಯನ್ನು ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ. 3ಕ್ಕೆ ಇಳಿಸುವುದು ಅದರ ಗುರಿಯಾಗಿತ್ತು. 2004–05ರಲ್ಲೇ ರಾಜಸ್ವ ಹೆಚ್ಚುವರಿ ಸಾಧಿಸಲಾಯಿತು. ವಿದ್ಯುತ್ ವಿತರಣೆಯನ್ನು 2002ರಲ್ಲಿ ಬೆಸ್ಕಾಂ ಮೊದಲಾದ ಸರ್ಕಾರಿ ಕಂಪನಿಗಳಿಗೆ ಹಂಚಲಾಯಿತಾದರೂ ಖಾಸಗೀಕರಣ ನಡೆಯಲಿಲ್ಲ.

ಇದೇ ಅವಧಿಯಲ್ಲಿ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ ಮುಚ್ಚಿತು. ಟ್ರಾನ್ಸ್‌ಫಾರ್ಮರ್, ಮೋಟಾರುಗಳನ್ನು ತಯಾರಿಸುತ್ತಿದ್ದ ಈ ಸರ್ಕಾರಿ ಉದ್ಯಮ ಸಾವಿರಾರು ಕಾರ್ಮಿಕರಿಗೆ ಉದ್ಯೋಗ ನೀಡಿತ್ತು. ಆಗ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಮಾಹಿತಿ ತಂತ್ರಜ್ಞಾನದ ಉದ್ಯೋಗಗಳು ಹೆಚ್ಚುತ್ತಿದ್ದವು.

ಟೀಕೆ

ಬಂಡವಾಳದಂತೆ ಕಾರ್ಮಿಕನು ಒಂದು ಕ್ಷೇತ್ರದಿಂದ ಮತ್ತೊಂದಕ್ಕೆ ಸುಲಭವಾಗಿ ಸಾಗಲಾರನೆಂಬುದು ಇಂತಹ ವಾದದ ಮೇಲಿನ ಪ್ರಮುಖ ಆಕ್ಷೇಪ. ನಡುವಯಸ್ಸಿನ ಯಂತ್ರಕರ್ಮಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಗುವುದು ದುರ್ಲಭ. ಒಂದು ಬಾರಿಯ ಪರಿಹಾರಧನವು ತಿಂಗಳ ಸಂಬಳಕ್ಕೆ ಸಮನಲ್ಲ. ಆಯವ್ಯಯದ ಲೆಕ್ಕದಲ್ಲಿ ಉಳಿತಾಯವಾಗಿ ಕಾಣುವುದು ಕುಟುಂಬದ ಲೆಕ್ಕದಲ್ಲಿ ನಷ್ಟವಾಗಿರಬಹುದು. ಸಾಲದಾತರ ಷರತ್ತುಗಳು ಶಾಸಕಾಂಗದ ನಿರ್ಧಾರ ಸ್ವಾತಂತ್ರ್ಯವನ್ನು ಕುಗ್ಗಿಸುತ್ತವೆ ಎಂಬ ಆಕ್ಷೇಪವೂ ಇದೆ. ಆದರೆ ಅವುಗಳ ಪ್ರಭಾವಕ್ಕೂ ಮಿತಿಯಿತ್ತು: 2008ರಲ್ಲಿ ರಾಜ್ಯ ಸರ್ಕಾರವು 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ತನ್ನು ಘೋಷಿಸಿತು.