ಮೆದುಳಿನ ಪಾರ್ಶ್ವವಾಯು ಇರುವ ಚಿಕ್ಕ ಮಕ್ಕಳ ದೈಹಿಕ ಪುನರ್ವಸತಿ: ದಾವಣಗೆರೆ ಮತ್ತು ಹರಿಹರದ ಪೋಷಕರಿಗೆ ಮಾಹಿತಿ

ವೈದ್ಯರು ಸೆರೆಬ್ರಲ್ ಪಾಲ್ಸಿ ಎಂದು ಕರೆಯುವ ಮೆದುಳಿನ ಪಾರ್ಶ್ವವಾಯು, ಗರ್ಭದಲ್ಲಿ, ಹೆರಿಗೆಯ ಸಮಯದಲ್ಲಿ ಅಥವಾ ಶೈಶವದಲ್ಲಿ ಮೆದುಳಿಗೆ ಆಗುವ ಹಾನಿಯಿಂದ ಉಂಟಾಗುವ ಚಲನೆಯ ನ್ಯೂನತೆಯಾಗಿದೆ. ಮೆದುಳಿನ ಹಾನಿಯು ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಚಿಕಿತ್ಸೆ ದೊರೆಯದಿದ್ದಲ್ಲಿ ಸ್ನಾಯುಗಳು ಬಿಗಿದು ಕೀಲುಗಳು ಸೆಟೆದುಕೊಳ್ಳುವ ಸಂಭವವಿರುತ್ತದೆ. ಆದುದರಿಂದ ಪೋಷಕರು ಅಂಗವಿಕಲತೆಯ ಪ್ರಮಾಣಪತ್ರಕ್ಕಾಗಿ ಕಾಯದೆ ಫಿಸಿಯೋಥೆರಪಿಯನ್ನು ಆರಂಭಿಸತಕ್ಕದ್ದು. ಪ್ರಮಾಣಪತ್ರವು ಸೌಲಭ್ಯಗಳಿಗೆ ಅಗತ್ಯವೇ ಹೊರತು ಆಸ್ಪತ್ರೆಯ ಚಿಕಿತ್ಸೆಗೆ ಅಲ್ಲ.

ಗಮನಿಸಬೇಕಾದ ಲಕ್ಷಣಗಳು

1. 5 ತಿಂಗಳಾದರೂ ಕತ್ತು ನಿಲ್ಲದಿರುವುದು.
2. 9 ತಿಂಗಳಾದರೂ ಆಸರೆಯಿಲ್ಲದೆ ಕುಳಿತುಕೊಳ್ಳದಿರುವುದು.
3. 1 ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುವುದು.
4. ಎತ್ತಿಕೊಂಡಾಗ ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುವುದು.

ಇವುಗಳಲ್ಲಿ ಯಾವುದೇ ಒಂದು ಕಂಡುಬಂದಲ್ಲಿ ಮಕ್ಕಳ ತಜ್ಞರಿಗೆ ತೋರಿಸತಕ್ಕದ್ದು.

ಸಂಪರ್ಕಿಸಬೇಕಾದ ಸ್ಥಳಗಳು

ಹರಿಹರದ ಪೋಷಕರು ಮೊದಲು ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿಗಳಿಗೆ ಭೇಟಿ ನೀಡಿದಾಗಲೂ ಮಗುವನ್ನು ತೋರಿಸಬಹುದು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಹಾಗೂ ಕೇಂದ್ರ ಸರ್ಕಾರದ ಸಂಯೋಜಿತ ಪ್ರಾದೇಶಿಕ ಕೇಂದ್ರ (ಸಿ.ಆರ್.ಸಿ.) ಇವೆ. ಚಿಕಿತ್ಸೆಗೆ ಪದೇ ಪದೇ ಬರಬೇಕಾಗುವುದರಿಂದ, ಹರಿಹರದ ತಾಯಂದಿರು 2023ರ ಶಕ್ತಿ ಯೋಜನೆಯಡಿ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು.

ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು

ವಾರಕ್ಕೆ ಒಂದೆರಡು ಬಾರಿಯ ಚಿಕಿತ್ಸೆಯಷ್ಟೇ ಸಾಲದು. ಫಿಸಿಯೋಥೆರಪಿಸ್ಟ್ ಕಲಿಸಿದ ವ್ಯಾಯಾಮವನ್ನು ಪ್ರತಿದಿನ ಮಾಡಿಸತಕ್ಕದ್ದು. ಕಾಲು ಬಿಗಿಯಾಗಿರುವ ಮಗುವನ್ನು ಸೊಂಟದ ಮೇಲೆ, ಕಾಲುಗಳು ಅಗಲವಾಗಿರುವಂತೆ ಎತ್ತಿಕೊಳ್ಳುವುದು ಉತ್ತಮ. ಊಟವನ್ನು ಮಲಗಿಸಿ ಮಾಡಿಸದೆ, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ ಮಾಡಿಸತಕ್ಕದ್ದು. ಬಿಗಿದ ಕೈಕಾಲುಗಳನ್ನು ಬಲವಂತವಾಗಿ ಎಳೆಯಬಾರದು. ಎಣ್ಣೆ ಹಚ್ಚಿ ನೀವುವುದು ವ್ಯಾಯಾಮಕ್ಕೆ ಬದಲಿಯಲ್ಲ.

ಪ್ರಮಾಣಪತ್ರ ಮತ್ತು ಸೌಲಭ್ಯಗಳು

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಈ ನ್ಯೂನತೆಯು ಸೇರಿದೆ. ವಿಶಿಷ್ಟ ಗುರುತಿನ ಚೀಟಿಗಾಗಿ (ಯು.ಡಿ.ಐ.ಡಿ.) ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ಸೂಚಿಸಿದ ಆಸ್ಪತ್ರೆಯಲ್ಲಿ ಮಗುವಿನ ತಪಾಸಣೆ ಮಾಡಿಸತಕ್ಕದ್ದು. ಆಧಾರ್, ಭಾವಚಿತ್ರ, ವಿಳಾಸದ ದಾಖಲೆ ಹಾಗೂ ಚಿಕಿತ್ಸೆಯ ದಾಖಲೆಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆ ಇರಬೇಕು. ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಪ್ರಮಾಣಪತ್ರ ನೀಡಿದ್ದಲ್ಲಿ, ಅವಧಿ ಮುಗಿಯುವ ಮುನ್ನ ನವೀಕರಿಸಿಕೊಳ್ಳತಕ್ಕದ್ದು.

ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆಯಡಿ ವರ್ಷಕ್ಕೆ 1 ಲಕ್ಷ ರೂ.ವರೆಗೆ ರಕ್ಷಣೆ ದೊರೆಯುತ್ತದೆ. ಇದರಲ್ಲಿ ಥೆರಪಿಯ ವೆಚ್ಚವೂ ನಿಗದಿತ ಮಿತಿಯೊಳಗೆ ಸೇರಿದೆ. ಅರ್ಜಿ ಭರ್ತಿ ಮಾಡಲು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಅಥವಾ ನಗರ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.