ಬಾನುಲಿ ಮತ್ತು ಟಿ.ವಿ. ಸಾಕ್ಷ್ಯಚಿತ್ರ

ನಡೆದ ಸಂಗತಿ, ನಿಜವಾದ ಜನ, ನಿಜವಾದ ಸ್ಥಳ ಇವನ್ನೇ ಸಾಮಗ್ರಿಯಾಗಿ ಇಟ್ಟುಕೊಂಡು, ದನಿಮುದ್ರಣ ಮತ್ತು ಚಿತ್ರೀಕರಣದ ಆಧಾರದಿಂದ ಕಟ್ಟಿದ ಪ್ರಸಾರ ಕಾರ್ಯಕ್ರಮ. ವಾರ್ತೆ ಆ ಹೊತ್ತಿನ ಘಟನೆ ತಿಳಿಸಿ ಮುಂದಕ್ಕೆ ಹೋಗುತ್ತದೆ. ಸಾಕ್ಷ್ಯಚಿತ್ರ ಅಲ್ಲೇ ನಿಂತು ಹಿನ್ನೆಲೆ, ಕಾರಣ, ಪರಿಣಾಮಗಳನ್ನು ಕೆದಕುತ್ತದೆ. ನಾಟಕಕ್ಕಿರುವಂತೆ ಇದಕ್ಕೂ ಆರಂಭ, ಏರಿಳಿತ, ಮುಕ್ತಾಯ ಉಂಟು. ಆದರೆ ಇದರಲ್ಲಿ ಜನರಾಡುವ ಮಾತನ್ನು ಲೇಖಕ ಬರೆದುಕೊಡುವಂತಿಲ್ಲ. ಆಕಾಶವಾಣಿಯಲ್ಲಿ ಇಂಥ ಕಾರ್ಯಕ್ರಮಗಳು ರೂಪಕ ಅಥವಾ ಧ್ವನಿರೂಪಕ ಎಂಬ ಹೆಸರಿನಲ್ಲಿ ಬಳಕೆಯಲ್ಲಿವೆ.

ಈ ಪ್ರಕಾರಕ್ಕೆ ಹೆಸರು ತಂದುಕೊಟ್ಟ ಸ್ಕಾಟ್ಲೆಂಡಿನ ಜಾನ್ ಗ್ರಿಯರ್ಸನ್ ಇದನ್ನು ವಾಸ್ತವದ ಸೃಜನಶೀಲ ನಿರೂಪಣೆ ಎಂದು ಬಣ್ಣಿಸಿದ. ಆತನ ಲಕ್ಷ್ಯವಿದ್ದದ್ದು ಸಿನಿಮಾದ ಮೇಲೆ. ಬಾನುಲಿ ಮತ್ತು ಟಿ.ವಿ.ಯಲ್ಲಿ ಇದೇ ಪ್ರಕಾರ ಇನ್ನೊಂದು ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಯಿತು: ಒಬ್ಬ ಕೂಲಿಕಾರನ ಬದುಕಿನ ಬಗ್ಗೆ ಹೇಳುವಾಗ ಕೇಳಿಸಬೇಕಾದದ್ದು ನಿರೂಪಕನ ದನಿಯೋ, ಆ ಕೂಲಿಕಾರನದೋ? ಇದರ ಚರಿತ್ರೆಯನ್ನು ಈ ಪ್ರಶ್ನೆಯ ಜಾಡಿನಲ್ಲೇ ನೋಡುವುದು ಸರಿ.

ಬಾನುಲಿ

1930ರ ದಶಕದ ಬಿಬಿಸಿಯಲ್ಲಿ ಮೈಕಿನ ಮುಂದೆ ಮಾತನಾಡುವವರೆಲ್ಲ ಬರೆದಿಟ್ಟದ್ದನ್ನು ಓದುವುದು ರೂಢಿಯಾಗಿತ್ತು. ಕಾರ್ಮಿಕರೊಬ್ಬರನ್ನು ಕರೆಸಿದರೂ ಅವರ ಮಾತನ್ನು ಬರೆದುಕೊಂಡು, ತಿದ್ದಿ, ಅವರಿಂದಲೇ ಓದಿಸುತ್ತಿದ್ದರು. ಮ್ಯಾಂಚೆಸ್ಟರ್ ಕೇಂದ್ರದ ಆಲಿವ್ ಶಾಪ್ಲಿ ಈ ರೂಢಿ ಮುರಿದವರಲ್ಲಿ ಮುಖ್ಯಳು. ಸುಮಾರು 27 ಅಡಿ ಉದ್ದದ, 7 ಟನ್ ಮೀರಿದ ದನಿಮುದ್ರಣದ ವಾಹನವನ್ನು ಗಣಿ ಊರುಗಳಿಗೂ ಬಡವರ ಕೇರಿಗಳಿಗೂ ಕೊಂಡೊಯ್ದು, ಜನ ತಮ್ಮ ಆಡುಮಾತಿನಲ್ಲೇ ಹೇಳಿದ್ದನ್ನು ತಟ್ಟೆಗಳ ಮೇಲೆ ಹಿಡಿದಳು. ಆದರೆ ಅಷ್ಟು ದೊಡ್ಡ ಗಾಡಿ ಬಾಗಿಲಿಗೆ ಬಂದು ನಿಂತರೆ ಯಾರಿಗೇ ಆದರೂ ಮಾತು ಬಿಗಿಯಾಗುವುದು ಸಹಜ. ಹೆಗಲಿಗೆ ತೂಗುಹಾಕಿಕೊಳ್ಳುವಂಥ ಟೇಪ್‌ರೆಕಾರ್ಡರ್ 1950ರ ದಶಕದಲ್ಲಿ ಬಂದಮೇಲೆ ಈ ಕೆಲಸದ ಸ್ವರೂಪವೇ ಬದಲಾಯಿತು.

ಬದಲಾವಣೆ ಎಷ್ಟು ದೊಡ್ಡದೆಂಬುದಕ್ಕೆ ಒಂದು ಕಾರ್ಯಕ್ರಮವನ್ನು ವಿವರವಾಗಿ ನೋಡಬಹುದು. 1957ರ ಫೆಬ್ರವರಿ 9ರಂದು ಇಂಗ್ಲೆಂಡಿನ ಬಕ್ಸ್ಟನ್‌ನಿಂದ ಹೊರಟ ಗೂಡ್ಸ್ ರೈಲಿನ ಎಂಜಿನ್ನಿನಲ್ಲಿ ಬ್ರೇಕಿಗೆ ಹಬೆ ಒಯ್ಯುವ ಕೊಳವೆ ಒಡೆಯಿತು. ಕುದಿಯುವ ಹಬೆ ಚಾಲಕನ ಕೋಣೆಯನ್ನು ತುಂಬಿತು. ಮುಂದೆ ಕಡಿದಾದ ಇಳಿಜಾರು. ಚಾಲಕ ಜಾನ್ ಆಕ್ಸನ್ ತನ್ನ ಫೈರ್‌ಮನ್‌ಗೆ ಧುಮುಕಲು ಹೇಳಿ, ತಾನು ಎಂಜಿನ್ನಿನಲ್ಲೇ ಉಳಿದ. ಚಾಪೆಲ್-ಎನ್-ಲೆ-ಫ್ರಿತ್ ನಿಲ್ದಾಣದ ಬಳಿ ರೈಲು ಮುಂದಿದ್ದ ಇನ್ನೊಂದು ಗೂಡ್ಸಿಗೆ ಗುದ್ದಿತು. ಆಕ್ಸನ್ ಮತ್ತು ಆ ಇನ್ನೊಂದು ಗಾಡಿಯ ಗಾರ್ಡ್ ಸತ್ತರು. ಆಕ್ಸನ್‌ಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಬಂತು.

ಬಿಬಿಸಿಯ ಬರ್ಮಿಂಗ್ಹ್ಯಾಮ್ ಕೇಂದ್ರದ ನಿರ್ಮಾಪಕ ಚಾರ್ಲ್ಸ್ ಪಾರ್ಕರ್, ಹಾಡುಗಾರ ಇವಾನ್ ಮೆಕಾಲ್ ಜೊತೆ ಈ ಸಂಗತಿಯನ್ನು ಕೈಗೆತ್ತಿಕೊಂಡ. ಆಕ್ಸನ್‌ನ ಹೆಂಡತಿ, ಜೊತೆಯ ರೈಲು ನೌಕರರು ಮೊದಲಾದವರನ್ನು ಮಾತನಾಡಿಸಿ 40 ಗಂಟೆಗೂ ಮಿಕ್ಕಿ ದನಿಮುದ್ರಿಸಿದರು. ಆಗಿನ ಪದ್ಧತಿಯಂತೆ ಆ ಮಾತುಗಳನ್ನು ನಟರಿಂದ ಹೇಳಿಸಬೇಕಿತ್ತು. ಟೇಪುಗಳನ್ನು ಕೇಳಿದಮೇಲೆ ನಟರನ್ನು ಬಿಟ್ಟುಬಿಟ್ಟರು. ಎಂಜಿನ್ನಿನ ಸದ್ದು, ಉಸಿರೆಳೆದುಕೊಂಡು ಮಾತು ಮುಂದುವರಿಸುವ ರೈಲು ನೌಕರರು, ಅವರ ಮಾತಿನ ಓಟಕ್ಕೇ ಹೊಂದುವಂತೆ ಕಟ್ಟಿದ ಹಾಡು ಇಷ್ಟರಿಂದಲೇ, ನಿರೂಪಕನಿಲ್ಲದೆ, 'ದ ಬ್ಯಾಲೆಡ್ ಆಫ್ ಜಾನ್ ಆಕ್ಸನ್' ರೂಪುಗೊಂಡಿತು. 1958ರ ಜುಲೈ 2ರಂದು ಅದು ಪ್ರಸಾರವಾಯಿತು. ಸಂಗೀತ ಹೊಂದಿಸಿದವಳು ಪೆಗಿ ಸೀಗರ್. 1964ರ ತನಕ ಈ ಮೂವರು 'ರೇಡಿಯೊ ಬ್ಯಾಲೆಡ್ಸ್' ಎಂಬ ಹೆಸರಿನಲ್ಲಿ ಒಟ್ಟು 8 ಕಾರ್ಯಕ್ರಮ ಮಾಡಿದರು: ಹೆದ್ದಾರಿ ಕಟ್ಟಿದವರು, ಕಲ್ಲಿದ್ದಲು ಗಣಿಯವರು, ಪೋಲಿಯೊ ಪೀಡಿತರು, ಮುಷ್ಟಿಕಾಳಗದವರು, ಅಲೆಮಾರಿಗಳು ಎಲ್ಲರೂ ಅಲ್ಲಿದ್ದಾರೆ. ಹೆರಿಂಗ್ ಮೀನುಗಾರರ ಕುರಿತ 'ಸಿಂಗಿಂಗ್ ದ ಫಿಶಿಂಗ್' 1960ರ ಪ್ರಿ ಇಟಾಲಿಯಾ ಪ್ರಶಸ್ತಿ ಪಡೆಯಿತು. ಅದರಲ್ಲಿ ಮಾತನಾಡುವ ಸ್ಯಾಮ್ ಲಾರ್ನರ್‌ಗೆ ಆಗ 80 ದಾಟಿತ್ತು. ಬಾನುಲಿ ಸಾಕ್ಷ್ಯಚಿತ್ರಗಳ ಸಾಲಿನಲ್ಲಿ ಈ ಎಂಟಕ್ಕೆ ಮೊದಲ ಸ್ಥಾನ ಕೊಡಲು ಹಿಂಜರಿಯಬೇಕಿಲ್ಲ.

ಬೇರೆ ದಾರಿ ಹಿಡಿದವರೂ ಇದ್ದರು. ಪಿಯಾನೊ ವಾದಕ ಗ್ಲೆನ್ ಗೋಲ್ಡ್ 1967ರಲ್ಲಿ ಕೆನಡಾದ ಸಿಬಿಸಿಗೆ ಮಾಡಿದ 'ದಿ ಐಡಿಯಾ ಆಫ್ ನಾರ್ತ್' ಕಾರ್ಯಕ್ರಮದಲ್ಲಿ ಉತ್ತರ ಕೆನಡಾವನ್ನು ಬಲ್ಲ ಐವರು ಮಾತನಾಡುತ್ತಾರೆ. ಹಲವು ಕಡೆ ಅವರ ದನಿಗಳು ಒಂದರ ಮೇಲೊಂದು ಏಕಕಾಲಕ್ಕೆ ಕೇಳಿಸುತ್ತವೆ.

ಟಿ.ವಿ.

ಟಿ.ವಿ. ಸಾಕ್ಷ್ಯಚಿತ್ರಕ್ಕೆ ಮೊದಲ ದೊಡ್ಡ ಹೆಸರು ತಂದವನು ಬಾನುಲಿಯಿಂದಲೇ ಬಂದ ಎಡ್ವರ್ಡ್ ಮರೋ. ಅಮೆರಿಕದ ಸಿಬಿಎಸ್‌ನ 'ಸೀ ಇಟ್ ನೌ' ಸರಣಿಯಲ್ಲಿ, 1954ರ ಮಾರ್ಚ್ 9ರಂದು, ಕಮ್ಯುನಿಸ್ಟರ ಬೇಟೆಯ ಹೆಸರಿನಲ್ಲಿ ಕಂಡಕಂಡವರ ಮೇಲೆ ಆರೋಪ ಹೊರಿಸುತ್ತಿದ್ದ ಸೆನೆಟರ್ ಜೋಸೆಫ್ ಮೆಕಾರ್ಥಿಯ ಭಾಷಣಗಳ ತುಣುಕುಗಳನ್ನೇ ಜೋಡಿಸಿ ತೋರಿಸಿದ. ಮೆಕಾರ್ಥಿಗೆ ವಿರುದ್ಧವಾಗಿ ನಿಂತದ್ದು ಮೆಕಾರ್ಥಿಯದೇ ಮಾತು. 1960ರ 'ಹಾರ್ವೆಸ್ಟ್ ಆಫ್ ಶೇಮ್' ವಲಸೆ ಕೃಷಿ ಕೂಲಿಗಳ ಪಾಡನ್ನು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಜನರ ಹೊಟ್ಟೆ ತುಂಬಿರುವ ಹೊತ್ತಿನಲ್ಲಿ, ಬಿತ್ತರಿಸಿತು.

ಅದೇ ವರ್ಷ ರಾಬರ್ಟ್ ಡ್ರೂ ತಂಡದ 'ಪ್ರೈಮರಿ' ಬಂತು. ವಿಸ್ಕಾನ್ಸಿನ್ ರಾಜ್ಯದಲ್ಲಿ ಜಾನ್ ಕೆನಡಿ ಮತ್ತು ಹ್ಯೂಬರ್ಟ್ ಹಂಫ್ರಿ ನಡುವೆ ನಡೆದ ಚುನಾವಣಾ ಪೈಪೋಟಿ ಅದರ ವಸ್ತು. ಕಿಕ್ಕಿರಿದ ಸಭಾಂಗಣದೊಳಕ್ಕೆ ಕೆನಡಿ ನುಗ್ಗುವಾಗ ಆಲ್ಬರ್ಟ್ ಮೇಸಲ್ಸ್ ಕ್ಯಾಮೆರಾವನ್ನು ತಲೆಯ ಮೇಲೆತ್ತಿ ಹಿಂದೆಯೇ ನಡೆದ. ಚಾಚಿದ ಕೈಗಳು, ಕೆನಡಿಯ ಹಿಂದಲೆ, ಮೆಟ್ಟಿಲು, ವೇದಿಕೆ ಎಲ್ಲವೂ ಕಡಿತವಿಲ್ಲದೆ ಸಾಗುತ್ತವೆ. ಇಂದು ಪ್ರತಿ ಚುನಾವಣೆಯಲ್ಲೂ ನಾವು ಕಾಣುವ ದೃಶ್ಯಗಳ ಮೂಲ ಇಲ್ಲಿದೆ.

ಚರಿತ್ರೆಯ ಸಾಕ್ಷ್ಯಚಿತ್ರಗಳಲ್ಲಿ ಥೇಮ್ಸ್ ಟೆಲಿವಿಷನ್‌ನ 'ದ ವರ್ಲ್ಡ್ ಅಟ್ ವಾರ್' (1973–74) ಇಂದಿಗೂ ಅಳತೆಗೋಲು. 26 ಕಂತುಗಳು, ನಿರ್ಮಾಪಕ ಜೆರೆಮಿ ಐಸಾಕ್ಸ್, ನಿರೂಪಣೆ ಲಾರೆನ್ಸ್ ಒಲಿವಿಯರ್. ಎರಡನೆಯ ಮಹಾಯುದ್ಧದ ಹಳೆಯ ಚಿತ್ರೀಕರಣಕ್ಕೆ ಯುದ್ಧ ಕಂಡವರ ಮಾತು ಸೇರಿಸಿದ್ದಾರೆ. ಸೇನಾಪತಿಗಳಷ್ಟೇ ಅಲ್ಲ, ಅವರ ಬಳಿ ಕೆಲಸಕ್ಕಿದ್ದವರು, ಸಾಮಾನ್ಯ ಸೈನಿಕರು, ಬಾಂಬು ಬಿದ್ದ ಊರಿನ ಹೆಂಗಸರು ಕೂಡ ಕ್ಯಾಮೆರಾ ಮುಂದೆ ಕೂತರು. ಹಿಟ್ಲರನ ಕಾರ್ಯದರ್ಶಿಯಾಗಿದ್ದ ಟ್ರೌಡ್ಲ್ ಯೂಂಗೆ ಅಂಥವರಲ್ಲೊಬ್ಬಳು. ಮೊದಲ ಕಂತು ತೆರೆದುಕೊಳ್ಳುವುದು ಫ್ರಾನ್ಸಿನ ಒರಾದೂರ್-ಸುರ್-ಗ್ಲಾನ್‌ನಲ್ಲಿ. 1944ರ ಜೂನ್ 10ರಂದು ಜರ್ಮನ್ ಪಡೆ ಅಲ್ಲಿ 600ಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ಪಾಳುಬಿದ್ದ ಆ ಊರಿನ ಮೇಲೆ ಕ್ಯಾಮೆರಾ ನಿಧಾನವಾಗಿ ಹಾಯುತ್ತದೆ. ಬರ್ಮಾ ಯುದ್ಧರಂಗಕ್ಕೇ ಒಂದು ಕಂತು ಮೀಸಲಾಗಿದೆ.

ನಿಸರ್ಗದ ಸಾಕ್ಷ್ಯಚಿತ್ರಗಳು ಎಲ್ಲರಿಗೂ ಪರಿಚಿತವಾದ್ದರಿಂದ ಇಲ್ಲಿ ಹೆಚ್ಚು ಹೇಳಬೇಕಿಲ್ಲ. ಡೇವಿಡ್ ಅಟೆನ್‌ಬರೊ ಅವರ 13 ಕಂತುಗಳ 'ಲೈಫ್ ಆನ್ ಅರ್ಥ್' (ಬಿಬಿಸಿ, 1979) ಜೀವವಿಕಾಸದ ಇಡೀ ಕಥೆಯನ್ನು ಮನೆಮನೆಗೆ ತಲುಪಿಸಿತು.

ಸತ್ಯದ ಕಟ್ಟುಪಾಡು

ಕಟ್ಟುಕತೆ ತೋರಿಸಿ ನಿಜವೆಂದರೆ ಈ ಪ್ರಕಾರದ ಬುಡವೇ ಅಲುಗುತ್ತದೆ. 1996ರಲ್ಲಿ ಬ್ರಿಟನ್ನಿನ ಕಾರ್ಲ್‌ಟನ್ ವಾಹಿನಿ ಪ್ರಸಾರ ಮಾಡಿದ 'ದ ಕನೆಕ್ಷನ್' ಮಾದಕವಸ್ತು ಸಾಗಣೆಯ ಜಾಲವನ್ನು ಬಯಲು ಮಾಡುವುದಾಗಿ ಹೇಳಿಕೊಂಡಿತ್ತು. ಅದರ ಹಲವು ದೃಶ್ಯಗಳು ಆಡಿಸಿದವು ಎಂದು ಆಮೇಲೆ ತಿಳಿದು, ವಾಹಿನಿಗೆ 20 ಲಕ್ಷ ಪೌಂಡ್ ದಂಡ ಬಿತ್ತು. 2011ರ 'ಫ್ರೋಜನ್ ಪ್ಲಾನೆಟ್' ಸರಣಿಯಲ್ಲಿ ತೋರಿಸಿದ ನವಜಾತ ಹಿಮಕರಡಿ ಮರಿಗಳು ಮೃಗಾಲಯದಲ್ಲಿ ಚಿತ್ರೀಕರಿಸಿದವು. ಹಿಮದ ಗುಹೆಯೊಳಗೆ ಕ್ಯಾಮೆರಾ ಇಟ್ಟರೆ ತಾಯಿ ಮರಿಗಳನ್ನು ಕೊಲ್ಲುವ ಅಪಾಯವಿತ್ತು ಎಂಬ ಬಿಬಿಸಿಯ ಸಮರ್ಥನೆ ಒಪ್ಪುವಂಥದ್ದೇ. ಆದರೆ ಆ ಮಾತು ಕಾರ್ಯಕ್ರಮದೊಳಗೇ ಇರಬೇಕಿತ್ತು.

ಪೀಟರ್ ವಾಟ್ಕಿನ್ಸ್‌ನ 'ದ ವಾರ್ ಗೇಮ್' ಇದಕ್ಕೆ ತಿರುವುಮುರುವಾದ ಪ್ರಕರಣ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಮೇಲೆ ಅಣುಬಾಂಬ್ ಬಿದ್ದರೆ ಏನಾದೀತು ಎಂಬ ಕಲ್ಪಿತ ಸಂಗತಿಯನ್ನು ವಾರ್ತಾಚಿತ್ರದ ಶೈಲಿಯಲ್ಲಿ ತೋರಿಸುವ ಇದನ್ನು ಬಿಬಿಸಿ 1965ರಲ್ಲೇ ತಡೆಹಿಡಿಯಿತು. ಸಾಕ್ಷ್ಯಚಿತ್ರ ವಿಭಾಗದಲ್ಲಿ ಆಸ್ಕರ್ ಪ್ರಶಸ್ತಿ ಬಂದರೂ ಟಿ.ವಿ.ಯಲ್ಲಿ ಪ್ರಸಾರವಾಗಲು 1985ರ ತನಕ ಕಾಯಬೇಕಾಯಿತು.

ಭಾರತ

1948ರಲ್ಲಿ ಶುರುವಾದ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನ ಚಿತ್ರಗಳು ಸಿನಿಮಾ ಮಂದಿರಗಳಲ್ಲಿ ಕಡ್ಡಾಯವಾಗಿದ್ದವು. ಬಹುಪಾಲು ಚಿತ್ರಗಳಲ್ಲಿ ಕೇಳಿಸುತ್ತಿದ್ದದ್ದು ಗಂಭೀರವಾದ ಒಂದೇ ನಿರೂಪಕ ದನಿ. ರೈತ ಉಳುವುದು ಕಾಣುತ್ತಿತ್ತು, ಅವನ ಮಾತು ಕೇಳುತ್ತಿರಲಿಲ್ಲ. ಎಸ್.ಎನ್.ಎಸ್. ಶಾಸ್ತ್ರಿ ಅವರ 'ಐ ಆ್ಯಮ್ 20' (1967) ಇದಕ್ಕೆ ಹೊರತು. ಸ್ವಾತಂತ್ರ್ಯ ಬಂದ ದಿನ ಹುಟ್ಟಿ ಇಪ್ಪತ್ತು ತುಂಬಿದ ಯುವಕ ಯುವತಿಯರು ಅದರಲ್ಲಿ ದೇಶದ ಬಗ್ಗೆ ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತಾರೆ.

ಟಿ.ವಿ. ದೊಡ್ಡ ಪ್ರಮಾಣದಲ್ಲಿ ಹಳ್ಳಿಗೆ ಬಂದದ್ದು 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ, 'ಸೈಟ್' ಎಂಬ ಉಪಗ್ರಹ ಪ್ರಯೋಗದಲ್ಲಿ. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ವಿಜ್ಞಾನದ ಕಾರ್ಯಕ್ರಮಗಳು ತಲುಪಿದವು. ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು.

ದೂರದರ್ಶನ ಒಲ್ಲೆನೆಂದ ಚಿತ್ರಗಳು ಕೋರ್ಟು ಹತ್ತಿ ಗೆದ್ದದ್ದು ನಮ್ಮ ದೇಶದ ವಿಶೇಷ. ಭೋಪಾಲ್ ಅನಿಲ ದುರಂತದ 'ಬಿಯಾಂಡ್ ಜೆನೊಸೈಡ್' ಚಿತ್ರವನ್ನು ಪ್ರಸಾರ ಮಾಡಬೇಕೆಂಬ ತೀರ್ಪನ್ನು ಸುಪ್ರೀಂ ಕೋರ್ಟ್ 1992ರಲ್ಲಿ ಎತ್ತಿಹಿಡಿಯಿತು. ಆನಂದ್ ಪಟವರ್ಧನ್ ಅವರ 'ಫಾದರ್, ಸನ್ ಆ್ಯಂಡ್ ಹೋಲಿ ವಾರ್' ಪರವಾಗಿ 2006ರಲ್ಲಿ ತೀರ್ಪಿತ್ತಿತು. ಸಾಕ್ಷ್ಯಚಿತ್ರ ಪ್ರಸಾರವಾಗುವುದು ವಾಕ್ ಸ್ವಾತಂತ್ರ್ಯದ ಭಾಗ ಎಂಬುದನ್ನು ಈ ತೀರ್ಪುಗಳು ಗಟ್ಟಿಮಾಡಿವೆ.

ಕನ್ನಡದಲ್ಲಿ

ಖಾಸಗಿ ಎಫ್‌ಎಂ ಕೇಂದ್ರಗಳಿಗೆ ಸ್ವಂತವಾಗಿ ಸುದ್ದಿ ಮಾಡಲು ಅನುಮತಿಯಿಲ್ಲ. ಹೀಗಾಗಿ ಕನ್ನಡದ ಬಾನುಲಿ ರೂಪಕದ ಭಾರವೆಲ್ಲ ಆಕಾಶವಾಣಿಯ ಮೇಲೂ ಸಮುದಾಯ ಬಾನುಲಿಗಳ ಮೇಲೂ ಬಿದ್ದಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಇಲ್ಲಿ ನೆನೆಯಬೇಕಾದದ್ದು. 2000ದ ದಶಕದ ಆರಂಭದಲ್ಲಿ, ಪ್ರಸಾರದ ಪರವಾನಗಿ ಸಿಗುವ ಕಾನೂನು ಇನ್ನೂ ಇಲ್ಲದಿದ್ದಾಗಲೇ, ಹಳ್ಳಿಯವರು ತಾವೇ ಕಾರ್ಯಕ್ರಮ ಮುದ್ರಿಸಿ ಕೇಬಲ್ ಮೂಲಕ ಊರಿಗೆ ಕೇಳಿಸಿದರು.

ವನ್ಯಜೀವಿ ಚಿತ್ರಗಳಲ್ಲಿ ಕನ್ನಡಿಗರ ಸಾಧನೆ ದೊಡ್ಡದು. ಕೃಪಾಕರ–ಸೇನಾನಿ ಜೋಡಿಯ ಸೀಳುನಾಯಿಗಳ ಸರಣಿ 'ದ ಪ್ಯಾಕ್' 2010ರಲ್ಲಿ ಬ್ರಿಸ್ಟಲ್‌ನ ವೈಲ್ಡ್‌ಸ್ಕ್ರೀನ್ ಉತ್ಸವದ ಪಾಂಡಾ ಪ್ರಶಸ್ತಿ ಗಳಿಸಿತು. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅವರ 'ವೈಲ್ಡ್ ಕರ್ನಾಟಕ' (2019) ಅಟೆನ್‌ಬರೊ ಅವರ ನಿರೂಪಣೆಯಲ್ಲಿ ಬಂದು ರಾಷ್ಟ್ರಪ್ರಶಸ್ತಿ ಪಡೆಯಿತು.

ಹೊರಗಿನ ಸಾಕ್ಷ್ಯಚಿತ್ರಗಳು ಕನ್ನಡದಲ್ಲಿ ಬಾರದಿರಲು ಡಬ್ಬಿಂಗ್ ವಿರೋಧ ಬಹುಕಾಲ ಕಾರಣವಾಗಿತ್ತು. ಸಾಮಾಜಿಕ ಸಮಸ್ಯೆಗಳ ಕುರಿತು ಆಮಿರ್ ಖಾನ್ ನಡೆಸಿಕೊಟ್ಟ 'ಸತ್ಯಮೇವ ಜಯತೆ' 2012ರಲ್ಲಿ ಹಲವು ಭಾಷೆಗಳಲ್ಲಿ ಬಂದರೂ ಕನ್ನಡ ವಾಹಿನಿಗಳಲ್ಲಿ ಬರಲಿಲ್ಲ. ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾಯಿದೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ತೀರ್ಮಾನಿಸಿದ ಮೇಲೆ ಆ ಬಾಗಿಲು ತೆರೆಯಿತು. ಆದರೆ ಡಬ್ ಆಗಿ ಬರುವ ಚಿತ್ರದಲ್ಲಿ ಕೇಳುವುದು ನಿರೂಪಕನ ಕನ್ನಡ ಮಾತ್ರ. ಮಲ್ಪೆಯ ಮೀನುಗಾರ, ಇಳಕಲ್ಲಿನ ನೇಕಾರ, ಕೆಜಿಎಫ್ ಗಣಿಯಲ್ಲಿ ದುಡಿದವರು ತಮ್ಮ ತಮ್ಮ ಮಾತಿನಲ್ಲೇ ತಮ್ಮ ಬದುಕು ಹೇಳಬೇಕಾದರೆ ಇಲ್ಲಿನ ವಾಹಿನಿಗಳು ವಾರಕ್ಕೆ ಒಂದು ಗಂಟೆಯನ್ನಾದರೂ ಅದಕ್ಕೆಂದು ತೆಗೆದಿಡಬೇಕು. ಅದನ್ನು ಕೇಳಿ ಪಡೆಯುವ ಹಕ್ಕು ನೋಡುಗರಿಗೂ ಕೇಳುಗರಿಗೂ ಇದೆ.